ಬ್ಲ್ಯಾಕ್‌ಮ್ಯಾಜಿಕ್ ರಾ ಫುಟೇಜ್ ಕಾಂಪೊಸಿಟಿಂಗ್‌ಗೆ ಬಂದಾಗ ಕೆಂಪಡಿಕೆಯ ಬಣ್ಣ ಬದಲಾಗುತ್ತಿದೆ, ದಯವಿಟ್ಟು ನೋಡಿ

ತೀರ್ಥಹಳ್ಳಿ ತೋಟದಮನೆ

ಎಲ್ಲರಿಗೂ ನಮಸ್ಕಾರ. ಹೋದ ಕೊಯ್ಲಿನ ಸಮಯದಲ್ಲಿ ನಮ್ಮ ತೋಟದಲ್ಲಿಯೇ ಚಿತ್ರೀಕರಿಸಿದ ಕಿರುಚಿತ್ರಕ್ಕೆ ಈಗ ವಿಎಫ್‌ಎಕ್ಸ್ ಮಾಡುತ್ತಿದ್ದೇನೆ, ಅಂದರೆ ಚಿತ್ರದ ಪದರಗಳನ್ನು ಜೋಡಿಸಿ ಬದಲಿಸುವ ಕಾಂಪೊಸಿಟಿಂಗ್ ಕೆಲಸ. ಬೆಳಗಿನ ಜಾವ ಅಡಿಕೆ ಬೇಯಿಸುವ ದೃಶ್ಯ. ತಾಮ್ರದ ಹಂಡೆ, ಕೆಳಗೆ ಬೆಂಕಿ, ಮೇಲೆ ಹಬೆ, ಹಿಂದೆ ಸೋಗೆಗಳ ಸಂದಿಯಲ್ಲಿ ಮೊಬೈಲ್ ಗೋಪುರ. ಕಥೆ ನಡೆಯುವುದು ಊರಿಗೆ ವಿದ್ಯುತ್ ಬರುವುದಕ್ಕೂ ಮೊದಲು. ಹಾಗಾಗಿ 11 ಶಾಟ್‌ಗಳಲ್ಲಿ ಗೋಪುರ ತೆಗೆದು ಆಕಾಶ ಕೂರಿಸಬೇಕು.

ಕ್ಯಾಮೆರಾ ಪಾಕೆಟ್ 6ಕೆ, ಎಲ್ಲವೂ ಬ್ಲ್ಯಾಕ್‌ಮ್ಯಾಜಿಕ್ ರಾ (ಬಣ್ಣ ಇನ್ನೂ ನಿಗದಿಯಾಗದ ಕ್ಯಾಮೆರಾ ಕಡತ). ನಾನು ಮೂಲ ಕ್ಲಿಪ್‌ಗಳನ್ನು ಬಣ್ಣದ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನಲ್ಲಿ ತೆರೆದು, ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ (ಒಂದು ಬಣ್ಣದ ಅಳತೆಯಿಂದ ಇನ್ನೊಂದಕ್ಕೆ ಬದಲಿಸುವ ಸಾಧನ) ಹಾಕಿ, ಲೀನಿಯರ್ ಇಎಕ್ಸ್‌ಆರ್ (ಬೆಳಕಿನ ಪ್ರಮಾಣವನ್ನೇ ನೇರ ಸಂಖ್ಯೆಯಾಗಿ ಹಿಡಿಯುವ ಚಿತ್ರ ಕಡತ) ತೆಗೆದು ಕಾಂಪೊಸಿಟಿಂಗ್ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್‌ಗೆ ತರುತ್ತಿದ್ದೇನೆ. ಶಿವಮೊಗ್ಗದಲ್ಲಿ ನಮ್ಮ ಚಿತ್ರಕ್ಕೆ ಗ್ರೇಡಿಂಗ್ (ಕೊನೆಯ ಬಣ್ಣದ ಕೆಲಸ) ಮಾಡುವವರು ಕಳುಹಿಸಿದ ಸ್ಥಿರಚಿತ್ರದ ಪಕ್ಕದಲ್ಲಿ ಇಟ್ಟರೆ ಬೇರೆ ಊರಿನ ಚಿತ್ರದಂತೆ ಕಾಣುತ್ತದೆ. ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ನೀರಿನಲ್ಲಿ) ಬೆಂದು ಬಂದ ಅಡಿಕೆಯ ಕೆಂಪು ನೇರಳೆಗೆ ತಿರುಗಿದೆ, ಜೊತೆಗೆ ಸಪ್ಪೆಯಾಗಿದೆ. ಬೆಂಕಿಯ ನಡುಭಾಗ ಬಿಳಿ ಬಿಲ್ಲೆ ಅಂಟಿಸಿದ ಹಾಗಿದೆ. ಕಣ್ಣಳತೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದರೆ ಅಡಿಕೆ ಹತ್ತಿರ ಬರುತ್ತದೆ, ಆದರೆ ಹಬೆ ಹಳದಿಯಾಗುತ್ತದೆ. ಎರಡು ರಾತ್ರಿ ಹೀಗೆಯೇ ಕಳೆದಿದೆ.

ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ, ಆದರೂ ಹೇಳುತ್ತೇನೆ: ಈ ಚಿತ್ರವನ್ನು ಮೊದಲು ನೋಡುವವರು ಅಡಿಕೆ ಬೆಳೆಗಾರರು. ಅಂಗೈಯಲ್ಲಿ ನಾಲ್ಕು ಅಡಿಕೆ ಹಿಡಿದು ಬಣ್ಣ ನೋಡಿ ಬೆಲೆ ಅಂದಾಜು ಮಾಡುವ ಜನ. ಅವರ ಮುಂದೆ ಈ ಕೆಂಪು ತಪ್ಪಾದರೆ ಉಳಿದ ಯಾವುದನ್ನೂ ಅವರು ನಂಬುವುದಿಲ್ಲ.

ಭದ್ರಾವತಿ ವಿಡಿಯೊ

ನಾನು ಹೆಚ್ಚಾಗಿ ಮದುವೆ ಮತ್ತು ಜಾಹೀರಾತು ಕೆಲಸ ಮಾಡುವವನು. ನನ್ನ ಕ್ರಮ ಹೇಳುತ್ತೇನೆ. ರಿಸಾಲ್ವ್‌ನಲ್ಲಿಯೇ ರೆಕ್ 709 (ಮಾಮೂಲಿ ಟಿವಿ ಪರದೆಯ ಬಣ್ಣದ ಮಾನಕ) ಲಟ್, ಅಂದರೆ ಸಿದ್ಧ ಬಣ್ಣದ ಕೋಷ್ಟಕ, ಹಾಕಿ, ಬಣ್ಣ ಸರಿ ಕಾಣುವಂತೆ ಮಾಡಿ, ಪ್ರೊರೆಸ್ ವಿಡಿಯೊ ತೆಗೆದು ಅದರ ಮೇಲೆ ಕಾಂಪೊಸಿಟಿಂಗ್ ಮಾಡಿ. ಕಣ್ಣಿಗೆ ಕಂಡದ್ದೇ ಕೊನೆಗೂ ಬರುತ್ತದೆ. ಲೀನಿಯರ್ ಗೊಡವೆಯೇ ಬೇಡ.

ಶಿವಮೊಗ್ಗ ಗ್ರೇಡಿಂಗ್ ಮೇಜು

ಭದ್ರಾವತಿಯವರೇ, ಇಡೀ ಕೆಲಸ ಒಬ್ಬರ ಕೈಯಲ್ಲೇ ಮುಗಿಯುವುದಾದರೆ ನಿಮ್ಮ ಕ್ರಮ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಈ 11 ಶಾಟ್‌ಗಳ ಹಿಂದೆ ಮುಂದೆ ಇರುವ ಶಾಟ್‌ಗಳು ರಾ ಕಡತದಿಂದಲೇ ಗ್ರೇಡ್ ಆಗುತ್ತವೆ. ಇವು ಮಾತ್ರ ಲಟ್ ಹಾಕಿಸಿಕೊಂಡು ಬಂದರೆ ಬೆಂಕಿಯ ಹೊಳಪು ಆಗಲೇ ಮೇಲಂಚಿಗೆ ಒತ್ತಿ ಹೋಗಿರುತ್ತದೆ. ಅದನ್ನು ಮತ್ತೆ ಬಿಡಿಸುವುದು ಸಾಧ್ಯವಿಲ್ಲ. ಗ್ರೇಡಿಂಗ್ ಮಾಡುವವರು ದೃಶ್ಯವನ್ನು ಒಂದು ಹೆಜ್ಜೆ ಕತ್ತಲೆಗೆ ಇಳಿಸಿದ ಕೂಡಲೇ ಈ ಶಾಟ್‌ಗಳು ಬೂದಿ ಬಣ್ಣಕ್ಕೆ ಬೀಳುತ್ತವೆ, ಪಕ್ಕದವು ಬೀಳುವುದಿಲ್ಲ.

ತೀರ್ಥಹಳ್ಳಿ ತಮ್ಮಾ, ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಲಿ. ರಾ ಕಡತದೊಳಗೆ ನಾವು ಅಂದುಕೊಳ್ಳುವ ಅರ್ಥದ ಬಣ್ಣ ಇಲ್ಲ. ಸೆನ್ಸರ್‌ನ ಒಂದೊಂದು ಬಿಂದುವಿನ ಮುಂದೆ ಒಂದೊಂದೇ ಬಣ್ಣದ ಸೋಸುಗಾಜು ಇರುತ್ತದೆ. ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಅದು. ಇಷ್ಟು ಬೆಳಕು ಬಿತ್ತು ಎಂಬ ಲೆಕ್ಕ ಮಾತ್ರ ಸೆನ್ಸರ್ ಕೊಡುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ರಾದಲ್ಲಿ ಆ ಲೆಕ್ಕ 12 ಬಿಟ್‌ನಲ್ಲಿ ಕೂರುತ್ತದೆ, ವೈಟ್ ಬ್ಯಾಲೆನ್ಸ್ (ಯಾವುದು ಬಿಳಿ ಎಂಬ ತೀರ್ಮಾನ) ಮತ್ತು ಐಎಸ್ಒ (ಬೆಳಕಿನ ಸೂಕ್ಷ್ಮತೆ) ಪಕ್ಕದಲ್ಲಿ ಬರೆದಿಟ್ಟ ಟಿಪ್ಪಣಿಯಾಗಿ ಬರುತ್ತವೆ. ಕಡತವನ್ನು ಬಿಡಿಸುವ ಹೊತ್ತಿನಲ್ಲಿ ನಾವು ಯಾವ ಟಿಪ್ಪಣಿ, ಯಾವ ಕಲರ್ ಸ್ಪೇಸ್, ಯಾವ ಗಾಮಾ (ಬೆಳಕನ್ನು ಸಂಖ್ಯೆಯಾಗಿಸುವ ಗೆರೆ) ಆರಿಸುತ್ತೇವೋ ಅದರಿಂದ ಬಣ್ಣ ಹುಟ್ಟುತ್ತದೆ. ಇಬ್ಬರು ಎರಡು ಬಗೆಯಲ್ಲಿ ಬಿಡಿಸಿದರೆ ಎರಡು ಬಣ್ಣ. ಇಬ್ಬರದೂ ಕೆಟ್ಟಿರುವುದಿಲ್ಲ, ಹೊಂದುವುದಿಲ್ಲ ಅಷ್ಟೆ.

ಅದಕ್ಕೇ ಕಣ್ಣಳತೆಯ ತಿದ್ದುಪಡಿ ಇವತ್ತೇ ನಿಲ್ಲಿಸಿ. ಗ್ರೇ ಕಾರ್ಡ್ ಹಿಡಿದಿದ್ದೀರಾ? ಹಿಡಿದಿದ್ದರೆ ಕಾರ್ಡ್ ಮೇಲಿನ ಮೂರು ಸಂಖ್ಯೆಗಳನ್ನು ಓದಿ ಇಲ್ಲಿ ಬರೆಯಿರಿ. ನಾನು ಅದನ್ನು ಹೀಗೆ ಓದುತ್ತೇನೆ. ಕೆಂಪು, ಹಸಿರು, ನೀಲಿ ಸಮವಾಗಿಲ್ಲದಿದ್ದರೆ ಮೊದಲು ವೈಟ್ ಬ್ಯಾಲೆನ್ಸ್ ನೋಡಬೇಕು. ಮೂರೂ ಸಮ, ಆದರೆ ಇರಬೇಕಾದ ಮಟ್ಟದಲ್ಲಿ (ಲೀನಿಯರ್‌ನಲ್ಲಿ 0.18) ಇಲ್ಲವೆಂದರೆ ಗಾಮಾ ಅಥವಾ ಎಕ್ಸ್‌ಪೋಶರ್. ಬೂದು ಸರಿಯಿದ್ದು, ಬಣ್ಣದ ಪಟ್ಟಿಯ ಕೆಂಪು ಚೌಕ ಮಾತ್ರ ತಪ್ಪಿದ್ದರೆ ಗ್ಯಾಮಟ್ (ಹಿಡಿಯಬಹುದಾದ ಬಣ್ಣಗಳ ವ್ಯಾಪ್ತಿ) ತಪ್ಪಾಗಿ ಹೇಳಲಾಗಿದೆ ಎಂದು ಅರ್ಥ. ಬೂದು ಎಂದರೆ ಮೂರು ಬಣ್ಣಗಳ ಸಮತೋಲ. ಗ್ಯಾಮಟ್ ಬದಲಾದರೂ ಅದು ಅಲುಗದೆ ನಿಲ್ಲುತ್ತದೆ, ಗಾಢ ಬಣ್ಣಗಳು ಮಾತ್ರ ಜಾಗ ಬಿಡುತ್ತವೆ. ಈ ಮೂರನ್ನು ಬೇರೆ ಬೇರೆ ಮಾಡಿಕೊಳ್ಳದೆ ಒಂದೇ ಗುಬುಟು ತಿರುಗಿಸಿದರೆ ಹಬೆ ಹಳದಿಯಾಗದೆ ಇನ್ನೇನಾಗುತ್ತದೆ?

ತೀರ್ಥಹಳ್ಳಿ ತೋಟದಮನೆ

ಅಕ್ಕಾ, ಪ್ರತಿ ಸೆಟಪ್‌ನಲ್ಲೂ ಗ್ರೇ ಕಾರ್ಡ್ ಮತ್ತು 24 ಚೌಕದ ಬಣ್ಣದ ಪಟ್ಟಿ ಹಿಡಿದಿದ್ದೇವೆ. ನನ್ನ ಇಎಕ್ಸ್‌ಆರ್‌ನಲ್ಲಿ ಕಾರ್ಡ್ ಓದಿದರೆ ಕೆಂಪು 0.15, ಹಸಿರು 0.18, ನೀಲಿ 0.22. ಗ್ರೇಡಿಂಗ್ ಮಾಡುವವರಿಗೆ ಫೋನ್ ಮಾಡಿ ಕೇಳಿದೆ. ಅವರ ಬಳಿ ಮೂರೂ 0.18ರ ಆಸುಪಾಸಿನಲ್ಲಿ ಸಮವಾಗಿವೆ. ಕ್ಲಿಪ್ ಒಂದೇ, ತಂತ್ರಾಂಶದ ಆವೃತ್ತಿಯೂ ಒಂದೇ.

ಸಾಗರದ ಸಂಕಲನಕಾರ

ಸಂಖ್ಯೆ ನೋಡಿದ ಕೂಡಲೇ ಬರೆಯುತ್ತಿದ್ದೇನೆ. ಕ್ಲಿಪ್‌ನ ಪಕ್ಕದಲ್ಲಿ ಅದೇ ಹೆಸರಿನ, ಸೈಡ್‌ಕಾರ್ ಎಂಬ ಬಾಲವಿರುವ ಪುಟ್ಟ ಕಡತ ಇದೆಯೇ ನೋಡಿ. ಗ್ರೇಡಿಂಗ್ ಮಾಡುವವರು ರಿಸಾಲ್ವ್‌ನಲ್ಲಿ ರಾ ಟಿಪ್ಪಣಿ ಬದಲಿಸಿ ಸೈಡ್‌ಕಾರ್ ಅಪ್‌ಡೇಟ್ ಒತ್ತಿದರೆ ಹೊಸ ವೈಟ್ ಬ್ಯಾಲೆನ್ಸ್, ಟಿಂಟ್ (ಹಸಿರು-ಗುಲಾಬಿ ಹೊಂದಾಣಿಕೆ), ಐಎಸ್ಒ ಎಲ್ಲ ಆ ಕಡತಕ್ಕೆ ಹೋಗುತ್ತದೆ. ಮೂಲ ಕ್ಲಿಪ್ ಹಾಗೆಯೇ ಉಳಿಯುತ್ತದೆ. ಸೈಡ್‌ಕಾರ್ ಜೊತೆಗೆ ಇಲ್ಲದಿದ್ದರೆ ಕ್ಯಾಮೆರಾ ಬರೆದದ್ದೇ ಓದಿಸಿಕೊಳ್ಳುತ್ತದೆ. ಬರಿಯ ಅಕ್ಷರಗಳ ಕಡತ ಅದು, ನೋಟ್‌ಪ್ಯಾಡ್‌ನಲ್ಲಿ ತೆರೆದೇ ಓದಬಹುದು.

ನನಗೆ ಇದು ಗೊತ್ತಾದದ್ದು ನೋವಿನಿಂದ. ಸಾಗರ ತಾಲ್ಲೂಕಿನ ದೀವರ ಮನೆಯೊಂದರಲ್ಲಿ ಹಸೆ ಚಿತ್ತಾರ ಬರೆಯುವುದನ್ನು ಚಿತ್ರೀಕರಿಸಿದ್ದೆವು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಪುಂಡಿ ನಾರಿನ ಕುಂಚ ಹಿಡಿದ ಅಜ್ಜಿಯ ಕೈ ಒಂದು ಸಲವೂ ನಡುಗಲಿಲ್ಲ. ಶೀರ್ಷಿಕೆಯ ಹಿಂದೆ ಆ ಗೆರೆಗಳನ್ನು ಒಂದೊಂದಾಗಿ ಮೂಡಿಸುವ ಕಾಂಪೊಸಿಟಿಂಗ್ ನನ್ನದು. ಕ್ಲಿಪ್‌ಗಳನ್ನು ಪ್ರತಿ ಮಾಡಿಕೊಳ್ಳುವಾಗ ಸೈಡ್‌ಕಾರ್ ಬಿಟ್ಟುಹೋಗಿತ್ತು. ಮುಗಿದ ಮೇಲೆ ಅಜ್ಜಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಗೆರೆ ನನ್ನದೇ, ಗೋಡೆ ನಮ್ಮದಲ್ಲ" ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ಮೇಲೆ ಇಡೀ ಶೀರ್ಷಿಕೆಯನ್ನು ಮತ್ತೆ ಮಾಡಿದೆ.

ತೀರ್ಥಹಳ್ಳಿ ತೋಟದಮನೆ

ಅಣ್ಣಾ, ಅದೇ ಆಗಿತ್ತು! ಹಾರ್ಡ್ ಡಿಸ್ಕ್‌ನಿಂದ ದೊಡ್ಡ ಕಡತಗಳನ್ನು ಮಾತ್ರ ಆರಿಸಿ ತಂದಿದ್ದೆ. ಸೈಡ್‌ಕಾರ್ ತೆರೆದು ಓದಿದೆ: 6800 ಕೆಲ್ವಿನ್, ಟಿಂಟ್ ಕೂಡ ಬದಲಾಗಿದೆ. ಕ್ಯಾಮೆರಾದಲ್ಲಿ ನಾವು 5600 ಇಟ್ಟಿದ್ದೆವು. ಮೋಡದ ಮುಂಜಾವು, ಮೇಲೆ ತೋಟದ ನೆರಳು. ಈಗ ಕಾರ್ಡ್ 0.18, 0.18, 0.18. ಹಬೆ ಹಬೆಯಂತೆ ಬೆಳ್ಳಗಿದೆ, ಅಡಿಕೆಯ ನೇರಳೆ ಹೋಗಿದೆ.

ಆದರೆ ಕೆಂಪು ಇನ್ನೂ ಸಪ್ಪೆ. ಬಣ್ಣದ ಪಟ್ಟಿಯ ಕೆಂಪು ಚೌಕವೂ ತೊಳೆದ ಬಟ್ಟೆಯಂತಿದೆ. ಅಕ್ಕ ಹೇಳಿದ ಮೂರನೆಯ ಬಗೆ ಇದೇ ಅಲ್ಲವೇ?

ಶಿವಮೊಗ್ಗ ಗ್ರೇಡಿಂಗ್ ಮೇಜು

ಹೌದು, ಅದೇ. ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ತೆರೆದು ಇನ್‌ಪುಟ್ ಸಾಲುಗಳನ್ನು ಓದಿ. ಗಾಮಾ ಸಾಲಿನಲ್ಲಿ ಕ್ಯಾಮೆರಾದ ಗಾಮಾ ಆದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಫಿಲ್ಮ್ ಜೆನ್ 5 ಆರಿಸಿರುತ್ತೀರಿ, ಇಲ್ಲದಿದ್ದರೆ ಬೂದು 0.18ಕ್ಕೆ ಬಂದು ಕೂರುತ್ತಿರಲಿಲ್ಲ. ಅದರ ಮೇಲಿನ ಕಲರ್ ಸ್ಪೇಸ್ ಸಾಲಿನಲ್ಲಿ ಯೂಸ್ ಟೈಮ್‌ಲೈನ್ ಎಂದೇ ಉಳಿದಿದೆಯೇ? ಟೈಮ್‌ಲೈನ್ ರೆಕ್ 709 ಆಗಿದ್ದರೆ ಕ್ಯಾಮೆರಾದ ವೈಡ್ ಗ್ಯಾಮಟ್‌ನ ಸಂಖ್ಯೆಗಳನ್ನು 709ರ ಸಂಖ್ಯೆಗಳೆಂದು ಓದಿದ ಹಾಗಾಗುತ್ತದೆ. ದೊಡ್ಡ ಸೇರಿನಲ್ಲಿ ಅಳೆದ ಭತ್ತವನ್ನು ಚಿಕ್ಕ ಸೇರಿನ ಲೆಕ್ಕದಲ್ಲಿ ಬರೆದಂತೆ. ಎಲ್ಲ ಗಾಢ ಬಣ್ಣಗಳೂ ಸೊರಗುತ್ತವೆ, ಬೂದು ಮಾತ್ರ ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ.

ಅಲ್ಲಿಯೇ ಇರುವಾಗ ಟೋನ್ ಮ್ಯಾಪಿಂಗ್ ಕೂಡ ನೋಡಿ. ಅದು ನನ್ (ಯಾವುದೂ ಇಲ್ಲ) ಎಂದಿರಬೇಕು, ಗ್ಯಾಮಟ್ ಮ್ಯಾಪಿಂಗ್ ಸಹ ನನ್. ಪರದೆಗೆ ಹೊಂದಿಸಲು ಹೊಳಪನ್ನು ಬಗ್ಗಿಸುವ ಸೌಲಭ್ಯಗಳು ಅವು. ನಾವು ಈಗ ಪರದೆಗೆ ಹೋಗುತ್ತಿಲ್ಲ, ಒಬ್ಬ ಕೆಲಸಗಾರರಿಂದ ಇನ್ನೊಬ್ಬರಿಗೆ ಬೆಳಕಿನ ಲೆಕ್ಕ ಒಪ್ಪಿಸುತ್ತಿದ್ದೇವೆ. ಫಾರ್ವರ್ಡ್ ಒಒಟಿಎಫ್ (ಇದೂ ಪರದೆಗೆ ಹೊಂದಿಸುವ ಆಯ್ಕೆ) ಗುರುತು ತೆಗೆಯಿರಿ. ವೈಟ್ ಪಾಯಿಂಟ್ ಅಡಾಪ್ಟೇಶನ್ ಇರಲಿ. ಏಸಸ್ ಎಂಬ ಚಿತ್ರೋದ್ಯಮದ ಸಾಮಾನ್ಯ ಬಣ್ಣದ ವ್ಯವಸ್ಥೆಯ ಬಿಳಿ ಮತ್ತು ಕ್ಯಾಮೆರಾ ಗ್ಯಾಮಟ್‌ನ ಬಿಳಿ ಒಂದೇ ಅಲ್ಲ. ಹೊರಗೆ ಹೋಗುವ ಕಡೆ ಏಸಸ್‌ಸಿಜಿ (ಏಸಸ್‌ನಲ್ಲಿ ವಿಎಫ್‌ಎಕ್ಸ್‌ಗಾಗಿ ಇರುವ ಕಲರ್ ಸ್ಪೇಸ್), ಲೀನಿಯರ್. ರಾ ಟ್ಯಾಬ್‌ನಲ್ಲಿ ಹೈಲೈಟ್ ರಿಕವರಿ ಇಬ್ಬರ ಬಳಿಯೂ ಒಂದೇ ಇರಬೇಕು, ಕ್ಲಿಪ್‌ನೊಳಗೆ ಹುದುಗಿಸಿದ ಲಟ್ ಇದ್ದರೆ ಅದು ಅನ್ವಯವಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಡಿಕೋಡ್ ಗುಣಮಟ್ಟ ಪೂರ್ಣ.

ಇಎಕ್ಸ್‌ಆರ್ 16 ಬಿಟ್ ಹಾಫ್ ಫ್ಲೋಟ್ ಸಾಕು; ಫ್ಲೋಟ್ ಎಂದರೆ 1ಕ್ಕಿಂತ ಮೇಲಿನ ಬೆಳಕನ್ನೂ ಹಿಡಿಯುವ ಸಂಖ್ಯೆಯ ಬಗೆ. ಬೆಳಕು ಇಮ್ಮಡಿಯಾಗುವ ಪ್ರತಿ ಹೆಜ್ಜೆಗೂ ಅದರಲ್ಲಿ 1024 ಮೆಟ್ಟಿಲು ಸಿಗುತ್ತವೆ, ಗರಿಷ್ಠ 65504ರ ತನಕ ಹಿಡಿಯುತ್ತದೆ. ನಿಮ್ಮ ಒಲೆಯ ಬೆಂಕಿ ಅದರೊಳಗೆ ಆರಾಮವಾಗಿ ಕೂರುತ್ತದೆ. ಕಂಪ್ರೆಶನ್ ಜಿಪ್ ಅಥವಾ ಪಿಜ್ ಇರಲಿ, ಎರಡೂ ಏನನ್ನೂ ಕಳೆಯುವುದಿಲ್ಲ. ಡಿಡಬ್ಲ್ಯೂಎಎ ಎಂಬ ಕಂಪ್ರೆಶನ್ ಕಳೆಯುತ್ತದೆ.

ತೀರ್ಥಹಳ್ಳಿ ತೋಟದಮನೆ

ಯೂಸ್ ಟೈಮ್‌ಲೈನ್ ಎಂದೇ ಇತ್ತು. ವೈಡ್ ಗ್ಯಾಮಟ್‌ಗೆ ಬದಲಿಸಿದೆ. ಕೆಂಪು ಚೌಕ ಜೀವ ಹಿಡಿದು ನಿಂತಿತು. ಹಂಡೆಯಿಂದ ಜರಡಿಯಲ್ಲಿ ಎತ್ತಿದ ಅಡಿಕೆಯ ಮೇಲೆ ನೀರು ಹರಿಯುವ ಒಂದು ಕ್ಷಣ ಇದೆ. ಅಡಿಕೆಯ ಮೈ ಕಪ್ಪಿಗೆ ಹತ್ತಿರದ ಕೆಂಪು, ಚೊಗರು ಇಳಿದ ಅಂಚಿನಲ್ಲಿ ತುಕ್ಕಿನಂಥ ತೆಳು ಬಣ್ಣ. ಆ ಎರಡು ಕೆಂಪುಗಳ ನಡುವಿನ ವ್ಯತ್ಯಾಸ ಇಷ್ಟು ದಿನ ಕಾಣುತ್ತಲೇ ಇರಲಿಲ್ಲ.

ಬೆಂಕಿಯ ಬಿಲ್ಲೆ ಮಾತ್ರ ಹಾಗೆಯೇ ಇದೆ. ಟೋನ್ ಮ್ಯಾಪಿಂಗ್ ತೆಗೆದರೂ ಹೋಗಲಿಲ್ಲ.

ಸಾಗರದ ಸಂಕಲನಕಾರ

ಆಫ್ಟರ್ ಎಫೆಕ್ಟ್ಸ್‌ನ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಪ್ರತಿ ಚಾನೆಲ್‌ಗೆ ಎಷ್ಟು ಬಿಟ್ ಎಂದಿದೆ? 8 ಅಥವಾ 16 ಆಗಿದ್ದರೆ 1ಕ್ಕಿಂತ ಮೇಲಿನ ಬೆಳಕೆಲ್ಲ ಕತ್ತರಿಸಿ ಹೋಗುತ್ತದೆ. ಇಎಕ್ಸ್‌ಆರ್ 16 ಬಿಟ್ ಎಂದು ಪ್ರಾಜೆಕ್ಟನ್ನೂ 16ಕ್ಕೆ ಇಡುವುದು ಬಹಳ ಜನ ಮಾಡುವ ತಪ್ಪು. ಅದು ಫ್ಲೋಟ್, ಇದು ಫ್ಲೋಟ್ ಅಲ್ಲ. 32 ಮಾಡಿ. 2023ರಿಂದ ಆಫ್ಟರ್ ಎಫೆಕ್ಟ್ಸ್‌ನಲ್ಲಿಯೇ ಓಪನ್‌ಕಲರ್‌ಐಒ (ಬಣ್ಣದ ಲೆಕ್ಕ ನಿರ್ವಹಿಸುವ ವ್ಯವಸ್ಥೆ) ಇದೆ. ವರ್ಕಿಂಗ್ ಸ್ಪೇಸ್ ಏಸಸ್‌ಸಿಜಿ ಇಟ್ಟು, ಪ್ರತಿ ಫುಟೇಜ್‌ಗೂ ಅದರ ಕಲರ್ ಸ್ಪೇಸ್ ಹೆಸರು ಕೊಟ್ಟು, ನೋಡುವುದಕ್ಕೆ ಮಾತ್ರ ಡಿಸ್‌ಪ್ಲೇ ಟ್ರಾನ್ಸ್‌ಫಾರ್ಮ್ ಹಾಕಿ. ನೋಡುವ ಕನ್ನಡಕ ಬೇರೆ, ಚಿತ್ರ ಬೇರೆ. ಕನ್ನಡಕವನ್ನು ರೆಂಡರ್ ಮಾಡಬಾರದು.

ಭದ್ರಾವತಿ ವಿಡಿಯೊ

ಒಪ್ಪಿದೆ, ಲಟ್ ಸುಟ್ಟು ಕೆಲಸ ಮಾಡಬಾರದು. ಒಂದು ಪ್ರಶ್ನೆ ಉಳಿಯಿತು. ಲಾಗ್‌ನಲ್ಲಿಯೇ (ಹೊಳಪನ್ನು ಅದುಮಿ ಬರೆಯುವ ಕ್ಯಾಮೆರಾ ಗೆರೆಯಲ್ಲೇ) ತಂದು, ಲಾಗ್‌ನಲ್ಲಿಯೇ ಗೋಪುರ ಅಳಿಸಿ, ಲಾಗ್‌ನಲ್ಲಿಯೇ ಹಿಂದಿರುಗಿಸಿದರೆ ಆಗದೇ? ಲೀನಿಯರ್ ಯಾಕೆ ಬೇಕು?

ಶಿವಮೊಗ್ಗ ಗ್ರೇಡಿಂಗ್ ಮೇಜು

ಬರಿಯ ಅಳಿಸುವ ಕೆಲಸವಾದರೆ ಆಗುತ್ತದೆ. ಆದರೆ ಇಲ್ಲಿ ಗೋಪುರದ ಮುಂದೆ ಹಬೆ ಇದೆ, ಸೋಗೆಯ ತುದಿಗಳು ಫೋಕಸ್‌ನ ಹೊರಗೆ ಮಸುಕಾಗಿವೆ. ಅಂಥ ಅಂಚಿನ ಒಂದು ಪಿಕ್ಸೆಲ್‌ನಲ್ಲಿ ಅರ್ಧ ಸೋಗೆ, ಅರ್ಧ ಆಕಾಶ ಇರುತ್ತದೆ. ಲೆಕ್ಕ ಹಾಕಿ ನೋಡೋಣ. ಆಕಾಶದ ಬೆಳಕು 4.0, ಸೋಗೆಯದು 0.04 ಎಂದಿಟ್ಟುಕೊಳ್ಳಿ. ಲೆನ್ಸ್ ಬೆಳಕನ್ನು ಬೆಳಕಿನ ಲೆಕ್ಕದಲ್ಲಿ ಬೆರೆಸುತ್ತದೆ. ಅರ್ಧರ್ಧ ಸೇರಿದರೆ 2.02. ಅದೇ ಎರಡನ್ನು ಶುದ್ಧ ಲಾಗ್ ಮೌಲ್ಯಗಳಾಗಿ ಅರ್ಧರ್ಧ ಬೆರೆಸಿ ಮರಳಿ ಬೆಳಕಿಗೆ ತಂದರೆ 0.4. ಐದು ಪಟ್ಟು ಕತ್ತಲೆ. ಕ್ಯಾಮೆರಾಗಳ ಲಾಗ್ ಗೆರೆ ನಿಖರವಾಗಿ ಹೀಗಿರುವುದಿಲ್ಲ, ಆದರೆ ದಿಕ್ಕು ಇದೇ. ಹೊಸ ಆಕಾಶ ಕೂರಿಸಿದ ಸೋಗೆಗಳ ಸುತ್ತ ಮಸಿಯ ಗೆರೆ ಎಳೆದಂತೆ ಕಾಣುವುದು ಇದರಿಂದಲೇ. ಅದನ್ನು ಮುಚ್ಚಲು ಅಂಚನ್ನು ಕೊರೆಯುತ್ತೇವೆ, ಕೊರೆದರೆ ಸೋಗೆಯ ಎಳೆಗಳೇ ಕಾಣೆಯಾಗುತ್ತವೆ. ಹಬೆಯ ಕಥೆಯೂ ಇದೇ: ಬೆಳಕಿನ ಲೆಕ್ಕದಲ್ಲಿ ಬೆರೆಸಿದಾಗ ಅದರೊಳಗಿಂದ ಆಕಾಶ ಹಾಯುತ್ತದೆ, ಇಲ್ಲದಿದ್ದರೆ ಬೂದಿ ನೀರಿನಂತೆ ಕಾಣುತ್ತದೆ.

ಅದೇ ಅಂಚಿನಲ್ಲಿ ಇನ್ನೊಂದು ಎಚ್ಚರ. ಆಲ್ಫಾದಿಂದ (ಪಾರದರ್ಶಕತೆಯ ಸಂಖ್ಯೆಯಿಂದ) ಗುಣಿಸಿಟ್ಟ ಚಿತ್ರದ ಮೇಲೆ ಬಣ್ಣದ ತಿದ್ದುಪಡಿ ಹಾಕಬೇಡಿ. ಮೊದಲು ಭಾಗಿಸಿ, ತಿದ್ದಿ, ಮತ್ತೆ ಗುಣಿಸಿ.

ಕೊಪ್ಪದ ರಂಗ ವಿಡಿಯೊ

ಯಕ್ಷಗಾನದ ರಾತ್ರಿಗಳನ್ನು ಚಿತ್ರೀಕರಿಸುವವನಾಗಿ ಒಂದು ಮಾತು ಸೇರಿಸುತ್ತೇನೆ. ರಂಗಸ್ಥಳಕ್ಕೆ ಈಗ ನೀಲಿ ಎಲ್ಇಡಿ ದೀಪ ಹಾಕುತ್ತಾರೆ. ಆ ನೀಲಿ ಏಸಸ್‌ಸಿಜಿಗೆ ಬಂದಾಗ ಕೆಂಪು, ಹಸಿರು ಚಾನೆಲ್‌ಗಳಲ್ಲಿ ಋಣ ಸಂಖ್ಯೆಗಳು ಬರುತ್ತವೆ. ಕಿರೀಟದ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಕುಣಿಯುತ್ತವೆ. ಋಣ ಸಂಖ್ಯೆಯನ್ನು ಸೊನ್ನೆಗೆ ಕತ್ತರಿಸಿದರೆ ನೀಲಿಯ ಛಾಯೆಯೇ ಬದಲಾಗುತ್ತದೆ. 2021ರಲ್ಲಿ ಏಸಸ್ 1.3 ಜೊತೆ ಬಂದ ಗ್ಯಾಮಟ್ ಕಂಪ್ರೆಶನ್ ಇದಕ್ಕಾಗಿಯೇ ಇದೆ. ಹಾಕುವುದಾದರೆ ಆ ಪ್ರಸಂಗದ ಎಲ್ಲ ಶಾಟ್‌ಗಳಿಗೂ ಹಾಕಬೇಕು, ಗ್ರೇಡಿಂಗ್ ಮಾಡುವವರಿಗೆ ತಿಳಿಸಿಯೇ ಹಾಕಬೇಕು. ತೀರ್ಥಹಳ್ಳಿಯವರ ದೃಶ್ಯದಲ್ಲಿ ಬೆಂಕಿ ಮತ್ತು ಮೋಡದ ಬೆಳಕು ಮಾತ್ರ ಇರುವುದರಿಂದ ಬೇಕಾಗಲಾರದು.

ಹೆಗ್ಗೋಡು ಬೆಳಕು

ತಾಂತ್ರಿಕ ವಿಷಯ ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ನಾನು ಕೋಣೆಯ ಬಗ್ಗೆ ಕೇಳುತ್ತೇನೆ. ತೀರ್ಥಹಳ್ಳಿಯವರು ಕೆಲಸ ಮಾಡುವ ಮೇಜಿನ ಎದುರು ಅಥವಾ ಪಕ್ಕದಲ್ಲಿ ತೋಟಕ್ಕೆ ತೆರೆಯುವ ಕಿಟಕಿ ಇದೆಯೇ? ಮಳೆಗಾಲದಲ್ಲಿ ಅಡಿಕೆ ತೋಟದೊಳಗಿಂದ ಬರುವ ಬೆಳಕು ಹಸಿರು. ಬೆಳ್ಳನೆಯ ಗೋಡೆಯ ಮೇಲೆ ಹಾಳೆ ಹಿಡಿದು ನೋಡಿದರೂ ನಮಗೆ ಗೊತ್ತಾಗುವುದಿಲ್ಲ, ಏಕೆಂದರೆ ಕಣ್ಣು ಆಗಲೇ ಅದಕ್ಕೆ ಒಗ್ಗಿಕೊಂಡಿರುತ್ತದೆ. ಹಸಿರಿಗೆ ಒಗ್ಗಿದ ಕಣ್ಣು ಮಾನಿಟರ್‌ನ ಬಿಳಿಯನ್ನು ಗುಲಾಬಿಯೆಂದು ಓದುತ್ತದೆ. ನೀವು ಅದನ್ನು ತಿದ್ದಲು ಚಿತ್ರಕ್ಕೆ ಹಸಿರು ಬೆರೆಸುತ್ತೀರಿ. ಶಿವಮೊಗ್ಗದ ಕೋಣೆಯಲ್ಲಿ ಅದೇ ಚಿತ್ರ ಪಾಚಿಗಟ್ಟಿದಂತೆ ಕಾಣುತ್ತದೆ.

ಕಿಟಕಿಗೆ ದಪ್ಪ ಪರದೆ ಹಾಕಿ, ಮಾನಿಟರ್ ಹಿಂದಿನ ಗೋಡೆಗೆ ಬೂದು ಬಣ್ಣ ಬಳಿಯಿರಿ, ಅದರ ಮೇಲೆ 6500 ಕೆಲ್ವಿನ್‌ನ ಮಂದ ದೀಪ ಇರಲಿ. ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಮಾನಿಟರ್‌ಗೆ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಆ ಮೇಲೆ ಬಣ್ಣ ನೋಡಿ.

ತೀರ್ಥಹಳ್ಳಿ ತೋಟದಮನೆ

ಕಿಟಕಿ ಇದೆ, ಎಡಗಡೆಗೆ, ನೇರ ತೋಟಕ್ಕೆ. ಇವತ್ತು ಅಮ್ಮನ ಹಳೆಯ ಕಂಬಳಿ ಕಟ್ಟಿದ್ದೇನೆ. ಹತ್ತು ನಿಮಿಷ ಕತ್ತಲಲ್ಲಿ ಕುಳಿತು ನೋಡಿದರೆ ಮೊನ್ನೆ ಕೂರಿಸಿದ ಆಕಾಶಕ್ಕೆ ಹಸಿರು ಹತ್ತಿರುವುದು ಕಂಡಿತು. ಕಂಬಳಿ ಇನ್ನು ಅಲ್ಲೇ ಇರುತ್ತದೆ.

32 ಬಿಟ್ ಮಾಡಿದ ಕೂಡಲೇ ಬೆಂಕಿ ಸರಿಯಾಯಿತು. ಬಿಲ್ಲೆ ಇದ್ದ ಕಡೆ ಈಗ ಜ್ವಾಲೆಯ ನಾಲಗೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಅಲ್ಲಿನ ಸಂಖ್ಯೆ ಒಂದು ಕಡೆ 5ನ್ನು ದಾಟುತ್ತದೆ.

ಈಗ ಒಂದು ಅನುಮಾನ. ಎಲ್ಲವೂ ಸರಿಯಿದೆ ಎಂದು ಕಣ್ಣು ಹೇಳುತ್ತಿದೆ. ಆದರೆ ಈ ಕಣ್ಣೇ ಮೊದಲು ತಪ್ಪು ಹೇಳಿತ್ತು. ಖಚಿತ ಮಾಡಿಕೊಳ್ಳುವುದು ಹೇಗೆ?

ಶಿವಮೊಗ್ಗ ಗ್ರೇಡಿಂಗ್ ಮೇಜು

ಏನನ್ನೂ ಮುಟ್ಟದ ಒಂದು ಶಾಟ್ ಕಳುಹಿಸಿ ನೋಡಿ. ಗೋಪುರ ತೆಗೆಯಬೇಡಿ, ಆಕಾಶ ಬೇಡ. ಇಎಕ್ಸ್‌ಆರ್ ಒಳಗೆ ತಂದು ಹಾಗೆಯೇ ಇಎಕ್ಸ್‌ಆರ್ ಆಗಿ ಹೊರಗೆ ತೆಗೆಯಿರಿ. ರಿಸಾಲ್ವ್‌ನಲ್ಲಿ ಅದನ್ನು ಮೂಲದಿಂದ ತೆಗೆದ ಇಎಕ್ಸ್‌ಆರ್‌ನ ಮೇಲಿಟ್ಟು ಬ್ಲೆಂಡ್ ಡಿಫರೆನ್ಸ್ (ಎರಡರ ವ್ಯತ್ಯಾಸ ಮಾತ್ರ ತೋರಿಸುವ ಬಗೆ) ಮಾಡಿ. ಪರದೆ ಕಪ್ಪಾಗಬೇಕು. ಕಪ್ಪು ಕಂಡಿತೆಂದು ಬಿಡಬೇಡಿ, ಗೇನ್ ಜೋರಾಗಿ ಏರಿಸಿ. ಹಾಫ್ ಫ್ಲೋಟ್‌ನ ಪುಡಿ ವ್ಯತ್ಯಾಸ ಬಿಟ್ಟರೆ ಚಿತ್ರದ ಆಕಾರವೇ ಕಾಣಬಾರದು. ಹಂಡೆಯ ಅಂಚು ಅಥವಾ ಸೋಗೆಯ ಗೆರೆ ಕಂಡರೆ ಎಲ್ಲೋ ಒಂದು ಟ್ರಾನ್ಸ್‌ಫಾರ್ಮ್ ಹೆಚ್ಚಿಗೆ ಬಿದ್ದಿದೆ ಎಂದು ಅರ್ಥ. ನಾನು ಈ ಪರೀಕ್ಷೆ ಆಗದೆ ಯಾರ ಶಾಟನ್ನೂ ತೆಗೆದುಕೊಳ್ಳುವುದಿಲ್ಲ. ಕೆಲಸಕ್ಕೆ ಮೊದಲು ಒಂದು ಗಂಟೆ, ಆಮೇಲೆ ಹನ್ನೊಂದು ರಾತ್ರಿ ಉಳಿಯುತ್ತದೆ.

ತೀರ್ಥಹಳ್ಳಿ ತೋಟದಮನೆ

ಮಾಡಿದೆ. ಮೊದಲ ಸಲ ಹಂಡೆಯ ಆಕಾರ ಮಸುಕಾಗಿ ಕಂಡಿತು. ಹುಡುಕಿದರೆ, ರೆಂಡರ್ ಮಾಡುವಾಗ ಔಟ್‌ಪುಟ್ ಕಲರ್ ಸ್ಪೇಸ್ ಜಾಗದಲ್ಲಿ ಕಂಪ್ಯೂಟರ್ ಪರದೆಯ ಎಸ್‌ಆರ್‌ಜಿಬಿ ಉಳಿದಿತ್ತು. ಏಸಸ್‌ಸಿಜಿ ಮಾಡಿ ಮತ್ತೆ ಹಾಕಿದೆ. ಈಗ ಗೇನ್ ಕೊನೆಯ ತನಕ ಏರಿಸಿದರೂ ಧೂಳಿನಂಥ ಕಾಳುಗಳು ಮಾತ್ರ.

ಈ ಶಾಟ್‌ಗಳ ಫೋಲ್ಡರ್‌ನಲ್ಲಿ ಒಂದು ಕಡತ ಬರೆದಿಟ್ಟಿದ್ದೇನೆ: ಯಾವ ಸೈಡ್‌ಕಾರ್, 6800 ಕೆಲ್ವಿನ್, ಜೆನ್ 5, ಏಸಸ್‌ಸಿಜಿ ಲೀನಿಯರ್, ಹಾಫ್ ಫ್ಲೋಟ್, ಪಿಜ್, ಟೋನ್ ಮ್ಯಾಪಿಂಗ್ ಇಲ್ಲ, ಹೈಲೈಟ್ ರಿಕವರಿ ಇಲ್ಲ. ನಾಲ್ಕನೆಯ ಶಾಟ್ ಮುಗಿಸಿ ನಿನ್ನೆ ಸಂಜೆ ಶಿವಮೊಗ್ಗಕ್ಕೆ ಕಳುಹಿಸಿದೆ. ಅಲ್ಲಿ ಗ್ರೇಡ್ ಹಾಕಿ ಹಿಂದಿನ, ಮುಂದಿನ ಶಾಟ್‌ಗಳ ನಡುವೆ ಇಟ್ಟು ನೋಡಿದ್ದಾರೆ. ಕೆಂಪು ಕೂತಿದೆಯಂತೆ. ಹಬೆಯ ಬಲಗಡೆ ಗೋಪುರದ ಒಂದು ಕಂಬಿ ಇನ್ನೂ ಎಳೆಯಾಗಿ ಕಾಣುತ್ತಿದೆ ಎಂದರು. ಅದನ್ನು ಇವತ್ತು ರಾತ್ರಿ ತೆಗೆಯುತ್ತೇನೆ.